ಡೆಲಿವರಿ ವ್ಯಾನ್ ಕೆಲ್ಸ: ಹುಡುಗ್ರು ಕಮ್ಮಿ, ಲೋಡ್ ಡಬಲ್, ಬಿಡ್ಲಾ ಇರ್ಲಾ?

ಕ್ಯಾತ್ಸಂದ್ರ ಹುಡುಗ: ಪಾರ್ಸೆಲ್ ವ್ಯಾನ್ ಓಡಿಸ್ತೀನಿ. ನಮ್ ಹಬ್‌ನಲ್ಲಿ (ಪಾರ್ಸೆಲ್ ಗೋಡೌನ್) ಇಬ್ರು ಬಿಟ್ಟೋದ್ರು, ಅವರ ರೂಟೂ ನನ್ ತಲೆಗೇ ಕಟ್ಟವ್ರೆ. ಬೆಳಿಗ್ಗೆ ಏಳಕ್ಕೆ ಹೋದ್ರೆ ರಾತ್ರಿ ಹತ್ತಾಗುತ್ತೆ, ಸಂಬಳ ಮಾತ್ರ ಅಷ್ಟೇ. ಅನುಭವ ಇರೋರು ಹೇಳಿ.

ಗುಬ್ಬಿ ರೂಟ್: ತಮ್ಮಾ, ನಾನು ಸಂಬಳದ ಕೆಲ್ಸ ಬಿಟ್ಟು ಸ್ವಂತ ಗಾಡಿ ಕಂಪ್ನಿಗೆ ಅಟ್ಯಾಚ್ ಮಾಡ್ದೆ. ಖರ್ಚು ಕೇಳ್ಕೋ. ಸೆಕೆಂಡ್ ಹ್ಯಾಂಡ್ ಟಾಟಾ ಏಸ್, ಇಎಂಐ 9,400, ಹಿಂದಿನ ಎರಡು ಟೈರು 7,800, ಕ್ಲಚ್ ಪ್ಲೇಟ್ ಶಿರಾ ಗೇಟ್ ಹತ್ರ ಹಾಕ್ಸಿದ್ದು ಲೇಬರ್ ಸೇರಿ 6,200, ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸು ಬೇರೆ. ಹಳ್ಳಿ ಅಡ್ರೆಸ್ ಅಂದ್ರೆ 'ಮಾರಮ್ಮನ ಗುಡಿ ಹತ್ರ' ಅಷ್ಟೇ. ಫೋನ್ ಮಾಡಿದ್ರೆ ತೋಟದಲ್ಲಿ ಕಾಯಿ ಕೀಳಿಸ್ತಾ ಇದೀನಿ, ಪಕ್ಕದ ಮನೇಲಿ ಕೊಡು ಅಂತಾರೆ, ಪಕ್ಕದ ಮನೆ ಅಜ್ಜಿಗೆ ಓಟಿಪಿ ಎಲ್ಲಿಂದ ಬರ್ಬೇಕು? ಆದ್ರೂ ಯಾವನ ಮುಂದೂ ಕೈ ಕಟ್ಕೊಂಡು ನಿಲ್ಲಲ್ಲ.

ಹೆಗ್ಗೆರೆ ಮೂರ್ತಿ: ಸುಮ್ನೆ ಹುಡುಗನ್ನ ಸಾಲಕ್ಕೆ ತಳ್ಬೇಡಿ. ನಾನು ಸಂಬಳದಲ್ಲೇ ಉಳ್ಕೊಂಡೆ. ಡ್ಯೂಟಿ ಮೇಲೆ ಬಿದ್ದು ಕಾಲು ಮುರಿದಾಗ ಇಎಸ್‌ಐ (ಸಂಬಳದೋರಿಗೆ ಸರ್ಕಾರದ ವಿಮೆ) ಇತ್ತು, ಆಪರೇಷನ್‌ಗೆ ಕೈಯಿಂದ ಹೋಗ್ಲಿಲ್ಲ, ಮನೇಲಿದ್ದಷ್ಟು ದಿನ ಸಂಬಳದ 90 ಪರ್ಸೆಂಟ್ ಬಂತು. ನಿಮ್ಗೆ ಯಾರು ಕೊಡ್ತಾರೆ ಹೇಳಿ. ಹಂಗಂತ ಇಲ್ಲೇನು ಸುಖ ಇಲ್ಲ. ಸಿಓಡಿ (ಡೆಲಿವರಿ ಟೈಮಲ್ಲಿ ಕಸ್ಟಮರ್ ಕೊಡೋ ಕ್ಯಾಶ್) ಶಾರ್ಟೇಜ್ ಅಂತ 4,350 ಹಿಡಿದ್ರು, ಹಬ್‌ನಲ್ಲಿ ಕ್ಯಾಶ್ ತಗೊಳ್ಳೋನೂ ಒಬ್ನೇ, ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಎಣ್ಸಿದ್ದು, ತಪ್ಪು ಯಾರ್ದೋ ಕಟ್ ಆಗಿದ್ದು ನನ್ ದುಡ್ಡು. 1961ರ ಅಂಗಡಿ ಕಾಯ್ದೆಲಿ ದಿನಕ್ಕೆ 9 ಗಂಟೆ, ವಾರಕ್ಕೆ 48, ಮೇಲಿಂದಕ್ಕೆ ಡಬಲ್ ಅಂತೈತೆ. ಕೇಳಿದ್ರೆ ಮುಖ ತಿರುಗಿಸ್ತಾರೆ.

ಗುಬ್ಬಿ ರೂಟ್: ಕಾಯ್ದೆ ಓದ್ಕೊಂಡು ಹನ್ನೊಂದು ಗಂಟೆವರ್ಗೂ ಅಲ್ಲೇ ಕೂತಿದ್ರಲ್ಲ, ಅದಕ್ಕೇನಂತೀರಾ?

ಹೆಗ್ಗೆರೆ ಮೂರ್ತಿ: ಮಕ್ಕಳ ಫೀಸ್ ನಿಮ್ಮಪ್ಪ ಕಟ್ತಾನಾ? ನೆಟ್ಟಗೆ ಮಾತಾಡಿ.

ಬಟವಾಡಿ ಅಕ್ಕ: ಇಬ್ರೂ ಸ್ವಲ್ಪ ಸುಮ್ನಿರಿ. ನಮ್ಮನೆಯೋರು ಇದೇ ಕೆಲ್ಸ. ದೀಪಾವಳಿ ಸೇಲ್ ಬಂತಂದ್ರೆ ಮಗು ಮುಖ ಎಚ್ಚರದಲ್ಲಿ ನೋಡಲ್ಲ. ಕಟ್ಟಿದ ಬುತ್ತಿ ಹಂಗೇ ವಾಪಸ್ ಬರುತ್ತೆ, ಮುದ್ದೆ ಕಲ್ಲಾಗಿರುತ್ತೆ, ಸಾರು ಹಳಸಿರುತ್ತೆ. ದಾರೀಲಿ ನಿಲ್ಸಿ ತಿನ್ನೋಕೂ ಟೈಮಿಲ್ವಂತೆ. ಹೊಸ ಹುಡುಗ್ರನ್ನ ತಗೊಳ್ಳಿ ಅಂದ್ರೆ ಯಾರೂ ಬರ್ತಿಲ್ಲ ಅಂತಾರಂತೆ, ಆ ದುಡ್ಡಿಗೆ ಯಾರು ಬರ್ತಾರೆ? ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿದ್ರೆ ಮನೆಗೆ ಬರ್ಬೋದು.

ಶಿರಾ ಸೀನ: ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲ್ಸ ಮಾಡೋರು) ಕಾಯ್ದೆ 2025ರಲ್ಲೇ ಬಂದೈತೆ, ಕಂಪ್ನಿಯಿಂದ 1ರಿಂದ 5 ಪರ್ಸೆಂಟ್ ತಗೊಂಡು ಕಲ್ಯಾಣ ನಿಧಿಗೆ ಹಾಕ್ಬೇಕು, 14 ದಿನ ನೋಟಿಸ್ ಕೊಡ್ದೆ ತೆಗಿಯಂಗಿಲ್ಲ. ನಾನು ಆ್ಯಪ್ ಕೆಲ್ಸದೋನು, ಅದಕ್ಕೇ ಧೈರ್ಯವಾಗಿದೀನಿ.

ಹೆಗ್ಗೆರೆ ಮೂರ್ತಿ: ಅದು ನಿಮ್ಮಂಥೋರಿಗೆ. ಸಂಬಳದ ಡ್ರೈವರ್‌ಗೆ ಅದನ್ನ ತಂದು ಗೊಂದಲ ಮಾಡ್ಬೇಡಿ.

ಎಸ್‌ಐಟಿ ಬಡಾವಣೆ: ನಾನು ಕಸ್ಟಮರ್. ಫೋನೇ ಮಾಡ್ದೆ 'ಡೋರ್ ಲಾಕ್' ಅಂತ ಹಾಕಿ ಹೋಗ್ತಾರಲ್ಲ, ಅದೂ ಹೇಳಿ.

ಗುಬ್ಬಿ ರೂಟ್: ಸಾರ್, ಮೂರನೇ ಮಹಡಿ ಹತ್ಸಿ, ಬಾಕ್ಸ್ ನೋಡಿ, ಈಗ ಬೇಡ ಅಂತ ಸಿಓಡಿ ವಾಪಸ್ ಕಳಿಸ್ತೀರಲ್ಲ, ಆ ರಿಟರ್ನ್‌ಗೆ ನಮ್ಗೆ ಒಂದು ರೂಪಾಯಿ ಇಲ್ಲ.

ಎಸ್‌ಐಟಿ ಬಡಾವಣೆ: ನಾನು ಯಾವತ್ತೂ ವಾಪಸ್ ಕಳಿಸಿಲ್ಲ, ಎಲ್ಲರನ್ನೂ ಸೇರಿಸ್ಬೇಡಿ.

ಬಟವಾಡಿ ಅಕ್ಕ: ನಿಮ್ ಬೀದೀಲಿ ಯಾರ್ ಕಳಿಸ್ತಾರೆ ಅಂತ ನಮ್ಮನೆಯೋರಿಗೆ ಮನೆ ನಂಬರ್ ಸಮೇತ ಗೊತ್ತು ಸಾರ್.