ಬ್ರೇನ್ ಜಿಮ್ ಕ್ಲಾಸಿಗೆ ಸೇರಿಸಿದ್ರೆ ನಿಜವಾಗ್ಲೂ ಓದು ಬರುತ್ತಾ?

ತುಂಟನ ಅಮ್ಮ:
ಮಗನಿಗೆ ಐದೂವರೆ, ಯುಕೆಜಿ. ಒಂದ್ ಕಡೆ ಕೂರಲ್ಲ, ಅಕ್ಷರ ಬರಿ ಅಂದ್ರೆ ಎರಡು ಸಲ ಗೀಚಿ ಆಮೇಲೆ ಸೋಫಾ ಮೇಲಿಂದ ಹಾರ್ತಾ ಇರ್ತಾನೆ. ಮೊನ್ನೆ ಸ್ಕೂಲಲ್ಲಿ ಮೀಟಿಂಗ್ ಕರೆದು ಸಂಜೆ ಬ್ರೇನ್ ಜಿಮ್ ಶುರು ಮಾಡ್ತೀವಿ ಅಂದ್ರು, ಬಲಗೈಲಿ ಎಡ ಮಂಡಿ ಮುಟ್ಟೋದು, ಗಾಳೀಲಿ ಅಡ್ಡ ಮಲಗಿರೋ ಎಂಟು ಬರೆಯೋದು, ಕತ್ತಿನ ಮೂಳೆ ಕೆಳಗೆ ಉಜ್ಜೋದು, ಇದ್ರಿಂದ ಎಡ ಬಲ ಮೆದುಳು ಕನೆಕ್ಟ್ ಆಗಿ ಓದು ಬೇಗ ಹತ್ತುತ್ತಂತೆ. ಮೂರು ತಿಂಗಳಿಗೆ ಆರು ಸಾವಿರ. ನಮ್ಮತ್ತೆ "ಗಣಪತಿ ಮುಂದೆ ಕಿವಿ ಹಿಡಿಸಿ ಬಸ್ಕಿ ಹೊಡಿಸು ಸಾಕು" ಅಂತಾರೆ. ಯಾರಾದ್ರೂ ಕಳ್ಸಿದೀರಾ?

ಥೆರಪಿ ಅಕ್ಕ:
ಮಕ್ಕಳ ಆಕ್ಯುಪೇಷನಲ್ ಥೆರಪಿ, ಅಂದ್ರೆ ಬರೆಯೋದು, ಬಟ್ಟೆ ಹಾಕ್ಕೊಳ್ಳೋದು ಥರ ದಿನದ ಕೆಲಸಗಳಿಗೆ ಮಕ್ಕಳನ್ನ ತಯಾರು ಮಾಡೋ ಚಿಕಿತ್ಸೆ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಬ್ರೇನ್ ಜಿಮ್ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಡೆನ್ನಿಸನ್, ಗೇಲ್ ಡೆನ್ನಿಸನ್ ದಂಪತಿ ಶುರು ಮಾಡಿದ್ದು. ಎಡ ಬಲ ಮೆದುಳಿನ ಮಧ್ಯೆ ದಪ್ಪ ನರತಂತುಗಳ ಸೇತುವೆ ಹುಟ್ಟುವಾಗ್ಲೇ ಇರುತ್ತೆ, ಮಂಡಿ ಮುಟ್ಟಿಸಿ ಹೊಸದಾಗಿ ಕನೆಕ್ಷನ್ ಕೊಡೋ ಅವಶ್ಯಕತೆ ಇಲ್ಲ. 2007ರಲ್ಲಿ ಕೀತ್ ಹಯಾಟ್ ಅನ್ನೋರು ಇದರ ಅಧ್ಯಯನಗಳನ್ನೆಲ್ಲ ಜಾಲಾಡಿ ಓದಿಗೆ ಸಹಾಯ ಆಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಅಂತ ಬರೆದ್ರು.

ಹಾಗಂತ ಓಡಾಟ ದಂಡ ಅಲ್ಲ. 2009ರಲ್ಲಿ ಇಲಿನಾಯ್ ಯೂನಿವರ್ಸಿಟಿಯ ಚಾರ್ಲ್ಸ್ ಹಿಲ್ಮನ್ ತಂಡ ಒಂಬತ್ತು ಹತ್ತು ವರ್ಷದ ಮಕ್ಕಳನ್ನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿ ಆಮೇಲೆ ಟೆಸ್ಟ್ ಕೊಟ್ರೆ ಗಮನ, ಓದಿದ್ದು ಅರ್ಥ ಆಗೋದು ಎರಡೂ ಚೆನ್ನಾಗಿತ್ತು. ಅಲ್ಲಿ ಕೆಲಸ ಮಾಡಿದ್ದು ನಡಿಗೆ, ಕತ್ತಿನ ಮೂಳೆ ಕೆಳಗೆ ಉಜ್ಜೋದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದಾಟಿದ ಮಕ್ಕಳಿಗೆ ದಿನಾ ಸರಾಸರಿ 60 ನಿಮಿಷ ಚೆನ್ನಾಗಿ ಉಸಿರು ಏರೋ ಆಟ ಬೇಕು ಅನ್ನುತ್ತೆ. ಬರೆಸೋ ಮುಂಚೆ ಕಾಲು ಗಂಟೆ ಓಡಿಸಿ ನೋಡಿ. ಕಥೆ ಕೇಳೋಕೂ ಕೂರಲ್ಲ, ಪದೇ ಪದೇ ಎಡವಿ ಬೀಳ್ತಾನೆ ಅಂದ್ರೆ ಮಾತ್ರ ಮಕ್ಕಳ ಡಾಕ್ಟರಿಗೆ ಒಂದ್ಸಲ ತೋರಿಸಿ.

ನಲಿಕಲಿ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ, ಆದ್ರೆ ಆಟ ಬೇರೆ ಪಾಠ ಬೇರೆ ಯಾಕೆ ಮಾಡ್ಬೇಕು? ನಲಿಕಲಿ, ಅಂದ್ರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಡ್ತಾ ಕಲಿಸೋ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೇಲಿ ಶುರುವಾಗಿದ್ದು, ಅದ್ರಲ್ಲಿ ಅಕ್ಷರ ಅ ಆ ಇ ಈ ಅಂತ ಬರಲ್ಲ, ಮೊದ್ಲು ರ ಗ ಸ ದ ಅ. ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಮನೆ ಬರೆದು ಒಂದೊಂದ್ರಲ್ಲಿ ಒಂದೊಂದು ಅಕ್ಷರ ಹಾಕ್ತೀನಿ, ಅಗಸ ಅಂದ್ರೆ ಅ ಗ ಸ ಅಂತ ಕುಂಟ್ಕೊಂಡು ಹೋಗ್ಬೇಕು, ಆಮೇಲೆ ಅರಸ, ಸರ, ದಸರ. ಗರಗಸ ಬಂದಾಗ ಗ ಮನೆಗೆ ಎರಡು ಸಲ ಹೋಗ್ಬೇಕಲ್ಲ, ಅಲ್ಲಿ ಎಡವಿ ಬಿದ್ದು ನಗ್ತಾರೆ, ಮತ್ತೆ ಮರೆಯಲ್ಲ. ರ ಅಕ್ಷರಾನ ರಂಗೋಲಿ ಪುಡೀಲಿ ದೊಡ್ಡದಾಗಿ ಬಿಟ್ಟು ಅದರ ಮೇಲೇ ನಡೆಸಿ, ಕೈ ಎಲ್ಲಿ ಶುರು ಮಾಡ್ಬೇಕು ಎಲ್ಲಿ ತಿರುಗ್ಬೇಕು ಅಂತ ಕಾಲಿಗೆ ಮೊದ್ಲು ಗೊತ್ತಾಗುತ್ತೆ.

ಕೆರೆ ದಡ ಆಡ್ಸಿ. ಕೆರೆ ದಡ ಕೆರೆ ದಡ ಅಂತ ಹೇಳ್ತಾ ಹೇಳ್ತಾ, ದಡದ ಮೇಲಿರುವಾಗ್ಲೇ ಇನ್ನೊಂದ್ಸಲ ದಡ ಅಂದಾಗ ಹಾರದೆ ನಿಲ್ಲೋದು ಇದೆಯಲ್ಲ, ಕೂರಲ್ಲ ಅನ್ನೋ ಹುಡುಗ್ರಿಗೆ ಅದಕ್ಕಿಂತ ಒಳ್ಳೆ ಪ್ರಾಕ್ಟೀಸ್ ನಾನಂತೂ ಕಂಡಿಲ್ಲ.

ಹುಬ್ಳಿ ಅಪ್ಪ:
ನಮ್ಮ ಹುಡುಗೀನ ಇಂಥಾದ್ದ ಕ್ಲಾಸಿಗೆ ಕಳ್ಸಿದ್ವಿ ರೀ. ಆಕಿಗೆ ಭಾಳ ಖುಷಿ ಆತು, ಫ್ರೆಂಡ್ಸ್ ಆದ್ರು, ಓದಿನಾಗ ಏನೂ ಫರಕ್ ಕಾಣ್ಲಿಲ್ಲ. ರೊಕ್ಕ ಇದ್ರ ಆಟಕ್ಕ ಅಂತ ಕಳಸ್ರಿ. ಬಸ್ಕಿ ಬಗ್ಗೆ ನಗಬ್ಯಾಡ್ರಿ, ಅದನ್ನ ಫಾರಿನ್ನಾಗ ಸೂಪರ್ ಬ್ರೇನ್ ಯೋಗ ಅಂತ ಮಾರ್ತಾರ.

ತುಂಟನ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ಕ್ಲಾಸ್ ಬೇಡ ಅಂದೆ. ಟೆರೇಸಲ್ಲಿ ಚಾಕ್‌ಪೀಸಲ್ಲಿ ಮನೆ ಬರೆದು ನಾಲ್ಕು ದಿನ ಆಯ್ತು, ಅಗಸ ಅರಸ ಬರ್ತಿದೆ, ಪುಸ್ತಕದಲ್ಲಿ ಬರೆಯೋಕೆ ಮಾತ್ರ ಇನ್ನೂ ಹಠ. ಈಗ ಅತ್ತೆ ಗರಗಸ ತೋರಿಸ್ತೀನಿ ಅಂತ ಕುಂಟಿ ಮಂಡಿ ಹಿಡ್ಕೊಂಡು ಕೂತಿದಾರೆ, ಥೆರಪಿ ಅಕ್ಕ ಅದಕ್ಕೂ ಏನಾದ್ರೂ ಹೇಳಿ 😄