ಅಪ್ಪನ ರಕ್ತದಲ್ಲಿ ಬ್ಯಾಕ್ಟೀರಿಯಾ, ಅದಕ್ಕೆ ಕೊಲೊನೋಸ್ಕೋಪಿ ಯಾಕೆ?

ಪ್ರಶ್ನೆ:
ಅಪ್ಪನಿಗೆ 74. ಸಕ್ಕರೆ ಕಾಯಿಲೆ ಇದೆ, ಬಿಪಿಗೂ ಮಾತ್ರೆ ತಗೊಳ್ತಾರೆ. ಕೆಲವು ವಾರಗಳಿಂದ ಸುಸ್ತು, ಊಟ ಸೇರ್ತಿಲ್ಲ, ಬೆನ್ನು ನೋವು. ಸಂಜೆಯಾದರೆ ಗೊಂದಲ, ಮೊನ್ನೆ ನನ್ನನ್ನೇ ಚಿಕ್ಕಪ್ಪನ ಹೆಸರಿಟ್ಟು ಕರೆದರು. ಜ್ವರ 99 ದಾಟಿಲ್ಲ. ಮೂತ್ರದ ಸೋಂಕು ಅಂತ ಮಾತ್ರೆ ಕೊಟ್ಟರು, ಸ್ವಲ್ಪ ಗೆಲುವಾದರು, ನಿಲ್ಲಿಸಿದ ಮೇಲೆ ಮತ್ತೆ ಅದೇ ಪಾಡು. ಈಗ ಬ್ಲಡ್ ಕಲ್ಚರ್‌ನಲ್ಲಿ (ರಕ್ತವನ್ನು ಬಾಟಲಿಗಳಲ್ಲಿಟ್ಟು ರೋಗಾಣು ಬೆಳೆಯುತ್ತಾ ನೋಡೋ ಪರೀಕ್ಷೆ) ‘ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್’ ಅನ್ನೋ ಬ್ಯಾಕ್ಟೀರಿಯಾ ಬಂದಿದೆ. ಹೃದಯದ ಎಕೋ (ಸ್ಕ್ಯಾನ್) ಮಾಡಬೇಕು, ಆಮೇಲೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳು ನೋಡೋದು, ಅಂತಿದ್ದಾರೆ. ಹೊಟ್ಟೆ ತೊಂದರೆ ಒಂದೂ ಇಲ್ಲವಲ್ಲ! ಸುಮ್ಮನೆ ಟೆಸ್ಟ್ ಮೇಲೆ ಟೆಸ್ಟ್ ಬರೀತಿದ್ದಾರಾ?

ಉತ್ತರ 1:
ನಮ್ಮತ್ತೆಗೂ ಹೀಗೇ ಏನೋ ಬಂದಿತ್ತು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿಕೊಂಡಿದೆ ಅಂತ ಬಿಟ್ಟರು. ಗಾಬರಿಯಾಗಬೇಡಿ.

ಉತ್ತರ 2:
ನಾನು ಮೈಕ್ರೊಬಯಾಲಜಿ ಲ್ಯಾಬ್‌ನವಳು, ದಿನಾ ಈ ಬಾಟಲಿಗಳ ಜೊತೆಗೇ ಏಗೋದು. ಮೇಲಿನವರು ಹೇಳಿದ್ದು ಬೇರೆ ಜಾತಿಗೆ ಸರಿ. ಚರ್ಮದ ಸ್ಟ್ಯಾಫಿಲೊಕಾಕಸ್ ಒಂದೇ ಬಾಟಲಿಯಲ್ಲಿ ಬಂದರೆ ನಾವೂ ಅನುಮಾನದಿಂದಲೇ ನೋಡ್ತೀವಿ. ಗ್ಯಾಲೊಲಿಟಿಕಸ್ ಹಾಗಲ್ಲ, ಅದು ಕರುಳಿನ ನಿವಾಸಿ. ರಕ್ತದಲ್ಲಿ ಸಿಕ್ಕರೆ ಎರಡು ಪ್ರಶ್ನೆ ಏಳುತ್ತವೆ: ಎಲ್ಲಿಂದ ಒಳಗೆ ಬಂತು, ಎಲ್ಲಿ ಹೋಗಿ ಕೂತಿದೆ?

ದೊಡ್ಡ ಕರುಳಿನ ಗಡ್ಡೆ, ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಬೆಳವಣಿಗೆ) ಇರುವವರಲ್ಲಿ ಇದು ರಕ್ತಕ್ಕೆ ನುಸುಳೋದು ಹೆಚ್ಚು. ಹಳೇ ರಿಪೋರ್ಟ್‌ಗಳಲ್ಲಿ ‘ಸ್ಟ್ರೆಪ್ಟೊಕಾಕಸ್ ಬೋವಿಸ್’ ಅಂತಿದ್ದ ಗುಂಪಿನದೇ ಇದು. ಕರುಳಿನ ಕ್ಯಾನ್ಸರ್ ಜೊತೆಗಿನ ನಂಟು ದಶಕಗಳಿಂದ ಗೊತ್ತಿರೋದು. ಅಪ್ಪನಿಗೆ ಕ್ಯಾನ್ಸರ್ ಇದೆ ಅಂತ ಇದರರ್ಥ ಅಲ್ಲ. ಆದರೆ ಪಾಲಿಪ್ ಹೊಟ್ಟೆನೋವು ಕೊಟ್ಟು ಹೇಳಿ ಬರಲ್ಲ, ಒಳಗೆ ನೋಡಿಯೇ ತಿಳಿಯಬೇಕು. ಇವತ್ತೇ ಆಗಬೇಕಂತಿಲ್ಲ, ಅವರು ಚೇತರಿಸಿಕೊಂಡ ಮೇಲೆ ಮಾಡ್ತಾರೆ. ಎಕೋ ಮಾತ್ರ ತಡ ಮಾಡಬೇಡಿ. ಹೃದಯದ ಕವಾಟಕ್ಕೆ ಅಂಟಿಕೊಳ್ಳೋದು ಇದರ ಹಳೇ ಚಾಳಿ.

99ರ ಬಗ್ಗೆ: ವಯಸ್ಸಾದವರ ಮೈ ಸೋಂಕಿಗೆ ಬಿಸಿಯೇ ಆಗದಿರಬಹುದು. ಮಾಮೂಲಿ 97 ಇರುವವರಿಗೆ 99 ಅಂದರೆ ಎರಡು ಡಿಗ್ರಿ ಏರಿಕೆ, ಅದನ್ನೇ ಜ್ವರ ಅಂತ ಎಣಿಸಬೇಕು. ಬಿಪಿ ಮಾತ್ರೆ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಬಗೆ) ಆಗಿದ್ದರೆ ನಾಡಿಯೂ ಓಡಲ್ಲ. ಉಳಿಯೋದು ಗೊಂದಲ, ಊಟ ಬಿಡೋದು, ಬೀಳೋದು. ಅಷ್ಟಕ್ಕೆ ಮೂತ್ರ ಪರೀಕ್ಷೆ ಮಾಡ್ತಾರೆ, ಏನೋ ಸಿಗುತ್ತೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತೆ! ಈ ವಯಸ್ಸಿನಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರೋದು ಸಾಮಾನ್ಯ. ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ ಇದು. ರಕ್ತ ತೆಗೆಯೋ ಮುಂಚೆ ಆಂಟಿಬಯೋಟಿಕ್ ನುಂಗಿಸಿದರೆ ನಮ್ಮ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು.

ಎಷ್ಟು ಬಾಟಲಿಯಲ್ಲಿ ಬಂತು? ಬೆನ್ನು ನೋವಿನ ವಿಷಯ ಡಾಕ್ಟರ್‌ಗೆ ಗೊತ್ತಾ? ಹಿಮೋಗ್ಲೋಬಿನ್ ಎಷ್ಟು?

ಪ್ರಶ್ನೆ ಕೇಳಿದವರು:
ಎರಡೂ ಕೈಯಿಂದ ತೆಗೆದಿದ್ದರು ಮೇಡಂ, ನಾಲ್ಕೂ ಬಾಟಲಿಯಲ್ಲಿ ಬಂದಿದೆ. ಹಿಮೋಗ್ಲೋಬಿನ್ 9.6. ಬೆನ್ನು ನೋವು ಹಳೇದು ಅಂತ ಅಪ್ಪನೇ ಮುಚ್ಚಿಟ್ಟಿದ್ದಾರೆ.

ಉತ್ತರ 2:
ನಾಲ್ಕೂ ಬಾಟಲಿ ಅಂದರೆ ಅನುಮಾನಕ್ಕೆ ಜಾಗವಿಲ್ಲ. 9.6 ಕಡಿಮೆಯೇ. ಹಿಮೋಗ್ಲೋಬಿನ್ ಕವಾಟದ ಸೋಂಕಿಗೂ ಇಳಿಯುತ್ತೆ, ಕರುಳಲ್ಲಿ ರಕ್ತ ಒಸರುತ್ತಿದ್ದರೂ ಇಳಿಯುತ್ತೆ. ಬೆನ್ನಿನ ಮಾತು ಇವತ್ತೇ ಹೇಳಿ. ಬೆನ್ನುಮೂಳೆಗೂ ಸೋಂಕು ಇಳಿದಿರಬಹುದು, ಎಂಆರ್‌ಐ ಬೇಕಾಗುತ್ತೆ. ಕವಾಟವಾದರೆ ಸಾಮಾನ್ಯವಾಗಿ ನಾಲ್ಕು ವಾರ ಇಂಜೆಕ್ಷನ್, ಮೂಳೆಯಾದರೆ ಆರು. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ ಕೇಳಿದವರು:
ಎಂಆರ್‌ಐ ಬರೆದರು. ಎದೆ ಮೇಲಿಂದ ಮಾಡಿದ ಎಕೋ ನಾರ್ಮಲ್ ಅಂತೆ. ಹಾಗಾದರೆ ಹೃದಯದ ಚಿಂತೆ ಬಿಡಬಹುದಾ?

ಉತ್ತರ 2:
ಇನ್ನೂ ಬೇಡ. ಕವಾಟಕ್ಕೆ ಅಂಟಿದ ಸೋಂಕಿನ ಚಿಕ್ಕ ಗಂಟು ಎದೆ ಮೇಲಿಂದ ಮಾಡಿದ ಎಕೋದಲ್ಲಿ ತಪ್ಪಿಸಿಕೊಳ್ಳಬಹುದು. ಗಂಟಲಿನಿಂದ ಕೊಳವೆ ಇಳಿಸಿ ಮಾಡುವ ಟಿಇಇ ಬೇಕಾ ಅಂತ ಕೇಳಿ.