ಹಳೇ ಜೀಪಿನ ಡೀಸೆಲ್ ಮುಳ್ಳು ಸುಳ್ಳು ಹೇಳಿದರೆ

ಪ್ರಶ್ನೆ: ನಮಸ್ತೆ ಸರ್. ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಪ್ಪನ ಕಾಲದ ಡೀಸೆಲ್ ಜೀಪು ಇದೆ, 1994ರ ಮಾಡೆಲ್. ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಎರಡು ತಿಂಗಳಿಂದ ಡೀಸೆಲ್ ಮೀಟರ್ ನಂಬುವ ಹಾಗಿಲ್ಲ. ಫುಲ್ ಟ್ಯಾಂಕ್ ಹಾಕಿಸಿದರೂ ಮುಳ್ಳು ಅರ್ಧ ದಾಟುವುದಿಲ್ಲ. ಚಕ್ರ ಗುಂಡಿಗೆ ಇಳಿದರೆ ಒಮ್ಮೆ ಮೇಲೆದ್ದು ಮತ್ತೆ ಬೀಳುತ್ತದೆ. ಹೇಗೂ ಕಡಿಮೆ ತೋರಿಸುತ್ತದಲ್ಲ ಅಂತ ಅಂದಾಜಿನ ಮೇಲೆ ಓಡಿಸುತ್ತಿದ್ದೆ. ಹೋದ ವಾರ ರಾತ್ರಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಡೀಸೆಲ್ ಮುಗಿದು ಗಾಡಿ ನಿಂತಿತು. ಜೊತೆಗೆ ಅಮ್ಮ ಇದ್ದರು, ಮಳೆ ಬೇರೆ. ಹೊಸ ಮೀಟರ್ ಹಾಕಿಸಿದೆ, ಏನೂ ವ್ಯತ್ಯಾಸ ಇಲ್ಲ. ಈಗ ಟ್ಯಾಂಕ್ ಯೂನಿಟ್ಟೂ (ಟ್ಯಾಂಕಿನೊಳಗೆ ಡೀಸೆಲ್ ಮಟ್ಟ ಅಳೆಯುವ ಸಾಮಾನು) ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲಾ? ಟೆಂಪರೇಚರ್ ಮೀಟರ್ ಸರಿಯಾಗೇ ಇದೆ. ಟ್ಯಾಂಕ್ ತುಕ್ಕು ಹಿಡಿದಿತ್ತು ಅಂತ ಮಳೆಗಾಲಕ್ಕೆ ಮುಂಚೆ ಇಳಿಸಿ ಪೇಂಟ್ ಮಾಡಿಸಿದ್ದೆ. ಬೇರೆ ಏನೂ ಕೆಲಸ ಆಗಿಲ್ಲ.

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯ ಸಾಮಾನೂ ತರಬೇಡಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಪೇಂಟ್ ವಿಷಯವೇ ನನಗೆ ಮೊದಲು ಕಣ್ಣಿಗೆ ಬಿತ್ತು.

ಈ ಮೀಟರ್ ಕೆಲಸ ಮಾಡುವುದು ಹೀಗೆ. ಬ್ಯಾಟರಿಯ ಕರೆಂಟ್ ಮೀಟರ್ ಒಳಗೆ ಹಾದು, ಒಂದೇ ಒಂದು ವೈರಿನಲ್ಲಿ ಟ್ಯಾಂಕ್ ಯೂನಿಟ್‌ಗೆ ಬರುತ್ತದೆ. ಯೂನಿಟ್ ಒಳಗೆ ಸಣ್ಣ ತಂತಿ ಸುತ್ತಿದ ಪಟ್ಟಿ ಇದೆ, ಅದರ ಮೇಲೆ ಫ್ಲೋಟಿನ, ಅಂದರೆ ಡೀಸೆಲ್ ಮೇಲೆ ತೇಲುವ ಬುರುಡೆಯ, ಕೈ ಹಿಂದೆ ಮುಂದೆ ಸರಿಯುತ್ತದೆ. ಡೀಸೆಲ್ ಏರಿದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನು ನೋಡಿ ಮುಳ್ಳು ಏಳುತ್ತದೆ. ಅಲ್ಲಿಂದ ಕರೆಂಟ್ ವಾಪಸ್ ಹೋಗಲು ಬೇರೆ ವೈರ್ ಇಲ್ಲ. ಯೂನಿಟ್ಟಿನ ತಗಡು, ಅದರ ಸ್ಕ್ರೂ, ಟ್ಯಾಂಕು, ಟ್ಯಾಂಕ್ ಕಟ್ಟಿದ ಪಟ್ಟಿ, ಬಾಡಿ, ಚಾಸಿ: ಇದೇ ಅದರ ದಾರಿ. ನಾವು ಅರ್ಥ್ ಅನ್ನುವುದು ಇದನ್ನೇ. ಟ್ಯಾಂಕಿಗೆ ಸುತ್ತಲೂ ಪೇಂಟ್ ಹೊಡೆದು, ಪಟ್ಟಿಯ ಕೆಳಗೆ ಹೊಸ ರಬ್ಬರ್ ಇಟ್ಟು ಕೂರಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಸ್ಕ್ರೂವಿನ ಎಳೆಯಲ್ಲಿ ಅಷ್ಟಿಷ್ಟು ತಾಗುತ್ತಿರುತ್ತದೆ. ಗುಂಡಿಗೆ ಬಿದ್ದಾಗ ಚೆನ್ನಾಗಿ ತಾಗಿ ಮುಳ್ಳು ಏಳುತ್ತದೆ, ಆಮೇಲೆ ಬೀಳುತ್ತದೆ. ನೀವು ಹೇಳಿದ್ದೂ ಅದೇ ಅಲ್ವಾ?

ಊಹೆ ಸಾಲದು, ಪರೀಕ್ಷೆ ಮಾಡೋಣ. ಸೀಟ್ ಎತ್ತಿ. ಟ್ಯಾಂಕ್ ಬಾಯಿಯ ಮುಚ್ಚಳ ಬಿಗಿ ಮಾಡಿ, ಮೇಲೆ ಚೆಲ್ಲಿದ ಡೀಸೆಲ್ ಇದ್ದರೆ ಒರೆಸಿ. ಕೀ ಆನ್ ಮಾಡಿ, ಎಂಜಿನ್ ಬೇಡ. ಯೂನಿಟ್ಟಿನ ವೈರ್ ಬಿಚ್ಚಿ ಗಾಳಿಯಲ್ಲಿ ಹಿಡಿಯಿರಿ. ಮುಳ್ಳು ಒಂದು ಕೊನೆಗೆ ಹೋಗಬೇಕು. ಈಗ ಆ ವೈರನ್ನು ಟ್ಯಾಂಕಿಗಲ್ಲ, ಸೀಟ್ ಬೋಲ್ಟಿನಂಥ ಬರಿ ಕಬ್ಬಿಣಕ್ಕೆ ಮುಟ್ಟಿಸಿ. ಮುಳ್ಳು ಇನ್ನೊಂದು ಕೊನೆಗೆ ಹೊರಡಬೇಕು. ಕೆಲವು ಹಳೇ ಮೀಟರಲ್ಲಿ ಒಳಗಿನ ಪಟ್ಟಿ ಬಿಸಿಯಾಗಿ ಮುಳ್ಳು ನಿಧಾನಕ್ಕೆ ಏರುತ್ತದೆ, ಗಾಬರಿ ಬೇಡ. ಆದರೆ ಕೊನೆ ಮುಟ್ಟುತ್ತಿದ್ದಂತೆ ವೈರ್ ತೆಗೆದುಬಿಡಿ, ಹಾಗೇ ಬಿಟ್ಟರೆ ಮೀಟರ್ ಸುಡಬಹುದು. ಎರಡೂ ಕೊನೆಗೆ ಹೋಯಿತಾ? ಹಾಗಾದರೆ ಮೀಟರೂ ಸರಿ, ವೈರೂ ಸರಿ. ತೊಂದರೆ ಟ್ಯಾಂಕ್ ಕಡೆ ಇದೆ. ಹೋಗದಿದ್ದರೆ ಇದೇ ಪರೀಕ್ಷೆ ಮೀಟರ್ ಹಿಂದೆ ಮಾಡಿ. ಅಲ್ಲಿ ಸರಿ ಬಂದರೆ ನಡುವಿನ ವೈರಿನಲ್ಲಿ ತೊಂದರೆ ಇದೆ ಅಂತ.

ಆಮೇಲೆ ವೈರ್ ಮತ್ತೆ ಯೂನಿಟ್‌ಗೇ ಹಾಕಿ. ಬೇರೆ ಒಂದು ತುಂಡು ವೈರ್ ತೆಗೆದುಕೊಂಡು, ಒಂದು ತುದಿ ಯೂನಿಟ್ಟಿನ ತಗಡಿಗೆ, ಇನ್ನೊಂದು ತುದಿ ಚಾಸಿಗೆ ಒತ್ತಿ ಹಿಡಿಯಿರಿ. ಮುಳ್ಳು ಏರಿದರೆ ಕಾಯಿಲೆ ಸಿಕ್ಕ ಹಾಗೆ.

ಇನ್ನೊಂದು ಮಾತು. ಹಳೇ ಮೀಟರ್ ಎಸೆದಿಲ್ಲ ತಾನೇ? ಮೀಟರ್ ಮತ್ತು ಯೂನಿಟ್ ಒಂದಕ್ಕೊಂದು ಜೋಡಿ. ಅಮೆರಿಕದಲ್ಲಿ 1970ರ ದಶಕದ ಸಿಜೆ ಜೀಪಿನಲ್ಲಿ ಟ್ಯಾಂಕ್ ಖಾಲಿ ಅಂದರೆ ಯೂನಿಟ್ಟಿನ ರೆಸಿಸ್ಟೆನ್ಸ್ ಸುಮಾರು 73 ಓಮ್ (ಓಮ್ ಅದರ ಅಳತೆ), ಫುಲ್ ಅಂದರೆ 10. ಅಲ್ಲಿನದೇ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಉಲ್ಟಾ, ಖಾಲಿಗೆ 0, ಫುಲ್‌ಗೆ 90. ಒಂದರ ಮೀಟರ್ ಇನ್ನೊಂದಕ್ಕೆ ಹಾಕಿದರೆ ಫುಲ್ ಟ್ಯಾಂಕ್ ಖಾಲಿ ಅನ್ನುತ್ತದೆ. ಅಂಗಡಿಯವರು ಕೊಟ್ಟರು ಅಂತ ಸುಮ್ನೆ ಹಾಕಬಾರದು. ಪರೀಕ್ಷೆ ಮುಗಿಯುವವರೆಗೆ ಹಳೇದನ್ನೇ ಮತ್ತೆ ಕೂರಿಸಿ.

ಪ್ರಶ್ನೆ ಕೇಳಿದವರು: ಸರ್, ಹಳೇ ಮೀಟರ್ ಹಾಕಿ ಹೇಳಿದ ಹಾಗೇ ಮಾಡಿದೆ. ವೈರ್ ಬಿಚ್ಚಿದಾಗ ಸೊನ್ನೆ, ಸೀಟ್ ಬೋಲ್ಟಿಗೆ ಮುಟ್ಟಿಸಿದಾಗ ಫುಲ್. ಆಮೇಲೆ ಯೂನಿಟ್ ತಗಡಿನಿಂದ ಚಾಸಿಗೆ ವೈರ್ ಹಿಡಿದೆ. ಕಣ್ಣೆದುರೇ ಮುಳ್ಳು ಕಾಲಿನಿಂದ ಮುಕ್ಕಾಲಿಗೆ ಬಂತು! ಟ್ಯಾಂಕಿನಲ್ಲಿ ಮುಕ್ಕಾಲೇ ಇತ್ತು. ಈಗ ಇದನ್ನು ಕಾಯಂ ಮಾಡುವುದು ಹೇಗೆ?

ಉತ್ತರ: ಬಹಳ ಸಂತೋಷ ಆಯಿತು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಯೂನಿಟ್ಟಿನ ಒಂದು ಸ್ಕ್ರೂ ತೆಗೆದು, ಅದರ ತಲೆ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ. ವೈರಿನ ತುದಿಗೆ ಥಿಂಬಲ್ (ಸ್ಕ್ರೂ ತೂರುವ ಲೋಹದ ಬಳೆ) ಒತ್ತಿಸಿ ಅದೇ ಸ್ಕ್ರೂವಿಗೆ ಹಾಕಿ. ಇನ್ನೊಂದು ತುದಿ ಚಾಸಿಗೆ, ಅಲ್ಲೂ ಪೇಂಟ್ ಉಜ್ಜಿ. ಬಿಗಿ ಮಾಡಿದ ಮೇಲೆ ಎರಡೂ ಕಡೆ ಸ್ವಲ್ಪ ಗ್ರೀಸ್ ಸವರಿ. ನಿಮ್ಮ ಕಡೆಯ ಮಳೆಗೆ ಗ್ರೀಸ್ ಇಲ್ಲದಿದ್ದರೆ ಒಂದೇ ವರ್ಷಕ್ಕೆ ಹಸಿರು ಕಿಲುಬು ಬರುತ್ತದೆ.

ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಬರೀ ಡೀಸೆಲ್ ಸುರಿದರೆ ಸಾಲದು, ಲೈನಿನಲ್ಲಿ ಏರ್ ಹಿಡಿದಿರುತ್ತದೆ ಅನ್ನುವುದು ನಿಮಗೆ ಆ ರಾತ್ರಿಯೇ ಗೊತ್ತಾಗಿರಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಬೇಕು. ಟಾರ್ಚ್ ಹಿಡಿಯುವವರೂ ಇಲ್ಲದೆ ಘಾಟಿಯಲ್ಲಿ ಈ ಕೆಲಸ ಮಾಡುವ ಪಾಡು ಯಾರಿಗೂ ಬೇಡ. ಅದಕ್ಕೇ ಈ ಸಣ್ಣ ಮುಳ್ಳಿನ ಬಗ್ಗೆ ನಾನು ಇಷ್ಟು ಹೇಳುವುದು.

ಮತ್ತೊಬ್ಬರು: ನನ್ನದು ಹಳೇ ಪೆಟ್ರೋಲ್ ಫೋರ್ ವೀಲ್ ಡ್ರೈವ್ ಗಾಡಿ ಸರ್, ಮಡಿಕೇರಿಯಿಂದ. ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಜಾಸ್ತಿ ತೋರಿಸುತ್ತವೆ. ನಾನೂ ಟ್ಯಾಂಕ್ ಹತ್ತಿರ ವೈರ್ ಮುಟ್ಟಿಸಿ ನೋಡಲಾ?

ಉತ್ತರ: ಖಂಡಿತ ಬೇಡ ಮೇಡಂ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರುವ ಯಾವ ಪರೀಕ್ಷೆಯೂ ಕೂಡದು. ನಿಮ್ಮ ತೊಂದರೆ ಅಲ್ಲಿಲ್ಲ. ಎರಡು ಮೀಟರ್ ಒಟ್ಟಿಗೆ ಕೆಡುವುದು ಅಪರೂಪ, ಎರಡಕ್ಕೂ ಸೇರಿದ ಒಂದು ಸಾಮಾನು ಕೆಟ್ಟಿರುತ್ತದೆ. ಹಳೇ ಗಾಡಿಗಳಲ್ಲಿ ಮೀಟರ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಸರ್. ಬ್ಯಾಟರಿಯ ವೋಲ್ಟೇಜ್ ತಗ್ಗಿಸಿ ಎರಡೂ ಮೀಟರಿಗೆ ಕೊಡುವುದು ಅದರ ಕೆಲಸ. ಬ್ರಿಟನ್ನಿನ ಸ್ಮಿತ್ಸ್ ಮೀಟರುಗಳಿಗೆ ಸುಮಾರು 10 ವೋಲ್ಟ್. ಆ ಡಬ್ಬಿಗೆ ಅರ್ಥ್ ತಪ್ಪಿದರೆ ಪೂರ್ತಿ 12 ವೋಲ್ಟ್ ಹಾಗೇ ಹೋಗಿ ಎರಡೂ ಮುಳ್ಳು ಮೇಲೇರುತ್ತವೆ. ಡಬ್ಬಿ ಕೂರಿಸಿದ ಸ್ಕ್ರೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿಸಿ. ಆಗಲೂ ಇಳಿಯದಿದ್ದರೆ ಡಬ್ಬಿ ಬದಲಿಸಿ.

ಪ್ರಶ್ನೆ ಕೇಳಿದವರು: ಸರ್, ಹತ್ತು ದಿನ ಆಯಿತು. ಅರ್ಥ್ ವೈರ್ ಹಾಕಿದ ಮೇಲೆ ಫುಲ್‌ನಿಂದ ಅರ್ಧದವರೆಗೆ ಸರಿಯಾಗಿದೆ. ಅರ್ಧಕ್ಕೆ ಬಂದ ತಕ್ಷಣ ಮುಳ್ಳು ಸೊನ್ನೆಗೆ ಬೀಳುತ್ತದೆ. ಒಂದೆರಡು ದಿನ ಓಡಿಸಿದ ಮೇಲೆ ತಾನೇ ಎದ್ದು ಕಾಲಿನ ಹತ್ತಿರ ನಿಲ್ಲುತ್ತದೆ.

ಉತ್ತರ: ಇದು ಎರಡನೇ ಕಾಯಿಲೆ. ಮೊದಲನೆಯದರ ಹಿಂದೆ ಅಡಗಿತ್ತು. ಈಗ ಯೂನಿಟ್ ಹೊರಗೆ ತೆಗೆಯಬೇಕು. ಬ್ಯಾಟರಿ ಮೈನಸ್ ಬಿಚ್ಚಿ, ಯೂನಿಟ್ ಸುತ್ತಲಿನ ಮಣ್ಣು ಬ್ರಷ್ಷಿನಲ್ಲಿ ಪೂರ್ತಿ ತೆಗೆಯಿರಿ, ಒಂದು ಚಿಟಿಕೆಯೂ ಟ್ಯಾಂಕಿಗೆ ಬೀಳಬಾರದು. ಸಾಮಾನ್ಯವಾಗಿ ಐದು ಸ್ಕ್ರೂ ಇರುತ್ತವೆ. ಯೂನಿಟ್ ಕೂತ ದಿಕ್ಕಿಗೆ ಒಂದು ಗುರುತು ಹಾಕಿಕೊಳ್ಳಿ. ಫ್ಲೋಟಿನ ಕೈ ಬಗ್ಗದಂತೆ ಯೂನಿಟ್ಟನ್ನು ಓರೆ ಮಾಡಿ ಎತ್ತಿ.

ಮೊದಲು ಫ್ಲೋಟ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ, ಮುಳುಗುತ್ತದೆ. ಆಮೇಲೆ ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಒಂದು ಕಡ್ಡಿ ವೈರ್ ಹಾಕುವ ಜಾಗಕ್ಕೆ, ಇನ್ನೊಂದು ತಗಡಿಗೆ ಹಿಡಿದು ಫ್ಲೋಟಿನ ಕೈಯನ್ನು ನಿಧಾನವಾಗಿ ಎತ್ತಿ. ಅಂಕಿ ಒಂದೇ ಸಮನೆ ಬದಲಾಗಬೇಕು. ನಡುವೆ ಎಲ್ಲಿ ಅಂಕಿ ಹೋಗಿ ಬರೀ 1 ಅಥವಾ ಓ ಎಲ್ (ಸಂಪರ್ಕ ತಪ್ಪಿದೆ ಅಂತ) ಕಾಣುತ್ತದೋ ಅಲ್ಲಿ ಪಟ್ಟಿ ಸವೆದಿದೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಸಣ್ಣ ಗೀರು ಕಾಣುತ್ತದೆ. ತಂತಿ ತುಂಡಾಗಿರದೆ ಬರೀ ಸವೆದಿದ್ದರೆ, ಮೇಲೆ ಸರಿಯುವ ನಾಲಿಗೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಗ್ಗಿಸಿ. ಸವೆಯದ ಜಾಗದಲ್ಲಿ ಓಡುತ್ತದೆ. ತುಂಡಾಗಿದ್ದರೆ ಬದಲಿಸಲೇಬೇಕು. ಕೊಳ್ಳುವಾಗ ಹಳೇದನ್ನೂ ಮಲ್ಟಿಮೀಟರನ್ನೂ ಅಂಗಡಿಗೆ ಒಯ್ಯಿರಿ. ಕೈ ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಎರಡೂ ಕಡೆ ಓಮ್ ಹೊಂದಬೇಕು. ಕಾರ್ಕ್ ಪ್ಯಾಕಿಂಗ್ ಮಾತ್ರ ಹೊಸದೇ ಹಾಕಿ.

ಪ್ರಶ್ನೆ ಕೇಳಿದವರು: ತಂತಿ ತುಂಡಾಗಿರಲಿಲ್ಲ ಸರ್. ನಾಲಿಗೆ ಸರಿಸಿ ಕೂರಿಸಿದೆ, ಮೂರು ದಿನದಿಂದ ಮುಳ್ಳು ಎಲ್ಲೂ ಬಿದ್ದಿಲ್ಲ. ಆದರೂ ಅಮ್ಮನಿಗೆ ನಂಬಿಕೆ ಬಂದಿಲ್ಲ.

ಉತ್ತರ: ಅಮ್ಮನಿಗೆ ಒಂದು ಅಳತೆ ಕಡ್ಡಿ ಮಾಡಿಕೊಡಿ. ಟ್ಯಾಂಕ್ ಪೂರ್ತಿ ತಗ್ಗಿದಾಗ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದೈದು ಲೀಟರ್ ಡೀಸೆಲ್ ಸುರಿಯುತ್ತಾ, ಒಣಗಿದ ಮರದ ಪಟ್ಟಿ ಇಳಿಸಿ ಒದ್ದೆಯಾದ ಕಡೆ ಗರಗಸದಲ್ಲಿ ಗೀರು ಹಾಕಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೂ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲೇ ಇತ್ತು, ಬಾಯಿ ಕೈಗೆ ಸಿಗುತ್ತಿತ್ತು. ನಿಮ್ಮ ಗಾಡಿಯಲ್ಲೂ ಅಷ್ಟೇ ಸುಲಭ. ಕಡ್ಡಿಯನ್ನು ಬಟ್ಟೆ ಸುತ್ತಿ ಸೀಟಿನ ಹಿಂದೆ ಇಡಿ. ಘಾಟಿ ಇಳಿಯುವ ಮುಂಚೆ ಒಮ್ಮೆ ಅದ್ದಿ ಅಮ್ಮನಿಗೆ ತೋರಿಸಿ.